ಷೇರುದಾರ ಉರುಕುಂದಪ್ಪನ ಮುನ್ನೋಟ

ಆದೋನಿ ಮಾರ್ಕೆಟ್ ಯಾರ್ಡಿನ ಹಿಂದೆ, ಹಳೆ ಜಿನ್ನಿನ ಅಟ್ಟದ ಮೇಲೆ
ನಾರುಗುರುತು ಕಂಪನಿಯ ನಾಲ್ಕನೆಯ ವಾರ್ಷಿಕ ಸಭೆ.
ಕುರ್ಚಿ ಇಪ್ಪತ್ತು, ಬಂದವರು ಒಂಬತ್ತು.
ಅದರಲ್ಲೊಬ್ಬ ಬಂದದ್ದು ಬೇಲು ತುಂಬಲು ಲಾರಿ ತಂದು,
ಮಿರ್ಚಿಯ ವಾಸನೆ ಹಿಡಿದು ಮೇಲೆ ಹತ್ತಿದ.

ಲೆಕ್ಕ ಓದಿದವರು ಗುಂತಕಲ್ಲಿನ ಆಡಿಟರ್ ಶೇಷಶಯನಂ:
ತೆಲುಗಿನಲ್ಲಿ ನಷ್ಟ, ಕನ್ನಡದಲ್ಲಿ ಖರ್ಚು, ಇಂಗ್ಲಿಷಿನಲ್ಲಿ ಭರವಸೆ.
ಮೂರು ವರ್ಷದಿಂದ ಕೆಂಪು ಅಂಕಿ.
ತಿರುಪ್ಪೂರಿನ ಬನಿಯನ್ ಫ್ಯಾಕ್ಟರಿ ಬಾಕಿ ತೀರಿಸಿಲ್ಲ,
ಜರ್ಮನಿಯ ದೊರೆಗಳು ಬರೋ ಹಂಗಾಮಿಗೆ ನೋಡೋಣ ಅಂದಿದ್ದಾರೆ.
ಅಡತಿ ಅಂಗಡಿಯಲ್ಲಿ ಸಾಲ ಕೇಳಿದರೆ
ನಮಗೂ ಇದೇ ಮಾತು ಹೇಳುತ್ತಿದ್ದರು.

ಹಿಂದಿನ ಸಾಲಿನಿಂದ ಒಂದು ಕೈ ಎದ್ದಿತು:
"ಈ ಷೇರು ಇಟ್ಕಳ್ಳಾದಾ, ತೊಳಕಳ್ಳಾದಾ?"

ಉತ್ತರ ನನ್ನ ಹತ್ತಿರ ಇತ್ತು. ಸುಮ್ಮನೆ ಕೂತೆ.

ಮೂವತ್ತೊಂದು ವರ್ಷ ಇದೇ ಯಾರ್ಡಿನಲ್ಲಿ ಹತ್ತಿಯ ಗ್ರೇಡರ್ ನಾನು.
ಅಂಡಿಗೆಯೊಳಗೆ ಮೊಳಕೈವರೆಗೆ ಕೈ ಬಿಟ್ಟು
ಚಿಟಿಕೆ ಅರಳೆ ಎಳೆದು
ಎರಡು ಹೆಬ್ಬೆರಳ ನಡುವೆ ಸೀಳಿ, ಜೋಡಿಸಿ, ಮತ್ತೆ ಸೀಳಿ
ಕರಿ ಪ್ಯಾಂಟಿನ ತೊಡೆಯ ಮೇಲಿಟ್ಟು
ಇಪ್ಪತ್ತೊಂಬತ್ತು ಮಿಲಿಮೀಟರ್ ಅಂದರೆ ಇಪ್ಪತ್ತೊಂಬತ್ತೇ.
ಊರು ಈ ಹೆಬ್ಬೆರಳಿಗೆ ಬೆಲೆ ಕೊಡುತ್ತಿತ್ತು.
ಬೆಲೆ ಅಂದೆನಲ್ಲ, ಅದೇ ಕತೆ.

ತೊಂಬತ್ತನಾಲ್ಕರ ಚಳಿಗಾಲ.
ಜಿನ್ನಿನ ಮಾಲೀಕರ ಹೆಸರು ಬೇಡ, ಮೊಮ್ಮಕ್ಕಳು ಒಳ್ಳೆಯವರು.
ಗಿಡ್ಡ ನಾರಿನ ಗುಡ್ಡೆಯ ಮೇಲೆ
ನಾಲ್ಕು ಬೆರಳು ದಪ್ಪ ಉದ್ದ ನಾರು ಹಾಸಿ
ನಡುರಾತ್ರಿ ನೀರು ಹೊಡೆದೆವು, ತೂಕಕ್ಕೆ.
ಪೈಪು ಒಬ್ಬನ ಕೈಲಿ, ಟಾರ್ಚು ನನ್ನ ಕೈಲಿ.
ಬೆಳಿಗ್ಗೆ ಚೀಟಿಯ ಮೇಲೆ ನಾನೇ ಬರೆದೆ: ಒಂದನೇ ದರ್ಜೆ.
ನೂರ ನಲವತ್ತು ಬೇಲು ಇಚಲಕರಂಜಿಗೆ ಹೋದವು.
ಅಲ್ಲಿ ಯಾವ ಮಗ್ಗದಲ್ಲಿ ನೂಲು ಎಷ್ಟು ಸಲ ಹರಿಯಿತೋ,
ಹರಿದದ್ದಕ್ಕೆ ಯಾರ ಕೂಲಿ ಮುರಿದುಕೊಂಡರೋ
ನನಗೆ ಕಾಗದ ಬರಲಿಲ್ಲ.

ಈಗ ನುಸ್ರತ್, ಹಮಾಲಿ ದಸ್ತಗೀರನ ಮಗಳು, ಕೆಮಿಸ್ಟ್ರಿ ಓದಿದವಳು,
ಅದೇ ಜಿನ್ನಿನಲ್ಲಿ ಅರಳೆಗೆ ಮಂಜು ಹೊಡೆಯುತ್ತಾಳೆ.
ಬಣ್ಣ ಇಲ್ಲ, ವಾಸನೆ ಇಲ್ಲ, ಕಿಲೋಗೆ ಎಂಟಾಣೆ ಖರ್ಚು.
ನೂಲಾಗಲಿ, ಬಣ್ಣದ ಹಂಡೆಗೆ ಇಳಿಯಲಿ, ಐವತ್ತು ಸಲ ಒಗೆಯಲಿ,
ಒಂದೆಳೆ ಕಿತ್ತು ಯಂತ್ರಕ್ಕೆ ಕೊಟ್ಟರೆ
ಹುಟ್ಟಿದೂರು ಹೇಳುತ್ತದೆ.
ಅವತ್ತಿನ ಹಿತ್ತಾಳೆ ನಳಿಕೆಯೇ ಇವಳದೂ ಇರಬಹುದು,
ಹಿತ್ತಾಳೆ ಎಲ್ಲಿ ಸಾಯುತ್ತದೆ?

ಹೀಗಾಗಿ ನನ್ನ ಮುನ್ನೋಟ, ಕೇಳುವವರಿದ್ದರೆ:
ದರ ಬಿದ್ದೀತು, ಕಾಯಿಕೊರಕ ಬಂದೀತು,
ಕಲಬೆರಕೆಗೆ ಬರ ಬಂದದ್ದನ್ನು ಮಾತ್ರ ನಾನು ಕಂಡಿಲ್ಲ.
ಈ ಧಂದೆಗೆ ಕಚ್ಚಾಮಾಲು ನಮ್ಮಂಥವರು,
ಸರಬರಾಜು ಖಾಯಂ.
ಕಂಪನಿ ಮುಳುಗಬೇಕಾದರೆ ಜನ ಒಳ್ಳೆಯವರಾಗಬೇಕು;
ಆ ಅಪಾಯವನ್ನು ಆಡಿಟರು ಎಲ್ಲೂ ಬರೆದಿಲ್ಲ.
ನಿಜಕ್ಕೆ ಎಂಟಾಣೆ ಹೆಚ್ಚಿಗೆ ಕೊಡುವವರು ಯಾರು,
ಅದನ್ನೂ ಬರೆದಿಲ್ಲ.

ಕೆಳಗಿಳಿಯುವಾಗ, ಚಾಳಿ,
ಹೊಸ ಬೇಲಿನಿಂದ ಒಂದು ಚಿಟಿಕೆ ಎಳೆದೆ.
"ಮಾಮಾ, ಕೈ ಕೊಡ್ರಿ ಇಲ್ಲಿ" ಅಂದಳು ನುಸ್ರತ್.
ನನ್ನ ಹೆಬ್ಬೆರಳಿಗೆ ಹತ್ತಿದ ಎಳೆಗೆ ಯಂತ್ರ ಹಿಡಿದಳು.
ಕುಂಯ್ ಅಂತು. ಹಸಿರು ದೀಪ.
"ಆದೋನಿ, ಲಾಟು ಹದಿನೇಳು, ಕಲಬೆರಕಿ ಇಲ್ಲ!"
ಎಲ್ಲರೂ ನಕ್ಕರು, ಲಾರಿಯವನೂ ನಕ್ಕ.
ಚಹಾದ ತಟ್ಟೆ ಹಿಡಿದಿದ್ದ ದಸ್ತಗೀರ ನಗಲಿಲ್ಲ.
ಆ ರಾತ್ರಿ ಪೈಪು ಹಿಡಿದವನು ಅವನು.

ಒಂದೇ ಬೆಂಚಿನ ಮೇಲೆ ಕೂತು ಚಹಾ ಕುಡಿದೆವು,
ಸಕ್ಕರೆ ಜಾಸ್ತಿ ಆಯಿತು ಅಂತ ಮಾತಾಡಿದೆವು.

ಇನ್ನೂ ಇನ್ನೂರು ಷೇರು ಬರೆಸಿ ಬಂದಿದ್ದೇನೆ.
ಮನೆಯಲ್ಲಿ ಹೇಳಿಲ್ಲ.