ನಿಲ್ಲಿಸುವ ಖಾನೆ

ಹಾಸನದ ದೊಡ್ಡಾಸ್ಪತ್ರೆ, ಹೆಂಗಸರ ವಾರ್ಡು, ಏಳನೇ ಹಾಸಿಗೆ.
ಆಂಟಿಬಯೋಟಿಕ್ಕಿಗೆ ಶುರುವಿನ ತಾರೀಖು ಇದೆ,
ನಿಲ್ಲಿಸುವ ಖಾನೆ ಖಾಲಿ.
ಆರು ದಿನದಿಂದ, ಡ್ಯೂಟಿ ಬದಲಾದಾಗಲೆಲ್ಲ
ಒಬ್ಬರ ಕೈಬರಹ ಇನ್ನೊಬ್ಬರು ನಕಲು ಮಾಡಿದ್ದೇವೆ,
ನಾನೂ ಸೇರಿ.

ಜ್ವರ ಇಳಿದು ಮೂರು ದಿನ.
ಕಲ್ಚರ್ ವರದಿ ಮೊನ್ನೆಯೇ ಬಂದು
ಬಿ.ಪಿ. ಯಂತ್ರದಡಿ ಮಲಗಿತ್ತು:
ಏನೂ ಬೆಳೆದಿಲ್ಲ.

ಡಾಕ್ಟರಮ್ಮ ಪೆನ್ನಿನ ಮುಚ್ಚಳ ತೆಗೆದು, ಹಾಕಿ, ತೆಗೆದು
'ಇರಲಿ ಇನ್ನೆರಡು ದಿನ' ಅನ್ನುವ ಹಳೇ ಮಾತು ನುಂಗಿ
ಗೆರೆ ಎಳೆದರು.

'ಅಯ್ಯೋ, ಡ್ರಿಪ್ ಕಿತ್ತರೆ ಹೆಂಗೆ?' ದುದ್ದದಿಂದ ಬಂದ ಮಗಳು.
ಬಸ್ ಚಾರ್ಜು, ಹೋದ ಕೂಲಿ, ಆರು ರಾತ್ರಿ ನೆಲದ ಚಾಪೆ,
ಇಷ್ಟಕ್ಕೂ ಬದಲು ಏನಾದರೂ ಹನಿಯುತ್ತಿರಬೇಕಲ್ಲ.
ಮೈ ಬಿಸಿಯಾದರೆ ಕೂಗು, ರಾತ್ರಿಯೂ ನೋಡುತ್ತೇನೆ ಅಂದೆ.

ಹಾಸಿಗೆಯಲ್ಲಿದ್ದವಳು ಊದಿದ ಕೈ ಸವರಿಕೊಂಡು ನಕ್ಕಳು:
'ನಾಕನೇ ಹೆಣ್ಣು ಅಂತ ನಮ್ಮಪ್ಪ ಸಾಕಮ್ಮ ಅಂತ ಇಟ್ಟ.
ಆಮೇಲೂ ಎರಡು ಹುಟ್ಟಿದವು.
ಸಾಕು ಅಂದರೆ ಯಾರು ಕೇಳ್ತಾರೆ, ಸಿಸ್ಟರ್?'

ಸೂಜಿ ತೆಗೆದೆ. ಹತ್ತಿ ಒತ್ತಿ ಹಿಡಿದೆ.
ತಾರೀಖು ಬರೆದೆ.
ರಾತ್ರಿ ಎರಡಕ್ಕೆ ಥರ್ಮಾಮೀಟರು: ತೊಂಬತ್ತೆಂಟೂವರೆ.

ಎಂಟನೇ ಹಾಸಿಗೆಯ ಹಾಳೆ ತಿರುವಿದೆ.
ಖಾನೆ ಖಾಲಿ.