ಕುಣಿ

ಬೆಟಗೇರಿ ನೇಕಾರ ಸಂಘದ ಗೋದಾಮಿನಾಗ
ಶನಿವಾರ ಮುಂಜಾನೆ ನೂಲಿನ ಮೂಟಿ ಗ್ವಾಡಿಗೆ ಸರಿಸಿ
ಶಹಾಬಾದ ಕಲ್ಲು ನೀರು ಹೊಡದು ಒರಸಿದ್ವಿ.
ಐರ್ಲೆಂಡಿನಾಕಿ ಸೀರಿ ನೇಯೋದು ನೋಡಾಕ ಬಂದಾಕಿ
ತಿಂಗಳಾದ ಮ್ಯಾಲ ಅಂದಿದ್ದಳು:
ನಿಮ್ಮದೆಲ್ಲಾ ನೋಡಿದೆ, ಇನ್ನ ನಮ್ಮದೊಂದು ನೋಡ್ರಿ,
ಎರಡ ದಿನ, ನಮ್ಮೂರ ಕುಣಿತ.
ಆಕಿ ಹೆಸರು ಬ್ರಿಜಿಡ್.
ನಮ್ಮ ಬಾಯಾಗ ಬಿರ್ಜಾಬಾಯಿ.

ಕಾಲೇಜಿನ ಹುಡುಗ್ಯಾರು ಐದು ಮಂದಿ, ಬೂಟು ಹಾಕ್ಕೊಂಡು ಬಂದರು.
ನಾನು ಚಹಾ ಕೊಡಾಕ ಹೋದಾಕಿ.

ಮೈ ಅಲುಗಬಾರದು, ಅಂದಳು ಬಿರ್ಜಾಬಾಯಿ,
ಕೈ ಜೋತು ಬಿಡ್ರಿ, ಮಾರಿ ಮುಂದ ಇರಲಿ.
ಹುಡುಗಿ ಒಬ್ಬಾಕಿ ಅದನ್ನ ಕನ್ನಡ ಮಾಡಿ ಹೇಳಿದಳು.
ಹಂಗಾರ ಸೊಂಟದ ಮ್ಯಾಲ ದೇವರ ಮುಂದ ನಿಂತಂಗ,
ಮೊಣಕಾಲ ಕೆಳಗ ಅತ್ತಿ ಸೊಸಿ ಜಗಳ.
ಆಕಿ ಹತ್ತರ ಒಂದು ಪೆಟ್ಟಿಗಿ, ಹಾರ್ಮೋನಿಯಮ್ಮಿನ ಮೊಮ್ಮಗು ಇದ್ದಂಗ,
ಎರಡೂ ಕಡೆ ಹಿಂಡಿದರ ಉಸರಾಡತಿತ್ತು.

ಹುಡುಗ್ಯಾರು ಕಾಲು ಎತ್ತಿದರ ಕೈ ಹಾರತಾವು,
ಕೈ ಹಿಡದರ ಕಾಲು ಮರೀತಾವು.
ಬಾಗಿಲ ಸಂದ್ಯಾಗ ಟ್ರೇ ಹಿಡದು ನಿಂತ ನನ್ನ ಕಾಲು
ಯಾವಾಗ ಸುರು ಮಾಡಿದ್ವೋ ನನಗ ತಿಳೀಲಿಲ್ಲ.
ಕಪ್ಪಿನಾಗ ಚಹಾ ತುಳುಕಲಿಲ್ಲ.
ಬಿರ್ಜಾಬಾಯಿ ಪೆಟ್ಟಿಗಿ ನಿಲ್ಲಿಸಿ ನೋಡಿದ್ದು
ನನ್ನ ಕಾಲಲ್ಲ, ಆ ಚಹಾ.

ಮೂವತ್ತೆಂಟು ವರ್ಷ ಕುಣಿಮಗ್ಗದಾಗ ಕುಂತೇನವ್ವಾ.
ಕುಣಿ ಅಂದ್ರ ನಮಗ ತಗ್ಗು, ಕಾಲು ಇಳಿಬಿಡೋ ತಗ್ಗು,
ಅದರಾಗ ಎರಡು ತುಳಿಯೋ ಹಲಗಿ, ಕತ್ತಲಿ, ಒಂದೊಂದು ದಿನ ಚೇಳು.
ಸಾವಕಾರ ಸೀರಿ ನೋಡತಾನ, ಊರವರು ಮಾರಿ ನೋಡತಾರ,
ಕುಣಿಯೊಳಗಿನ ಕಾಲು ಯಾರು ನೋಡ್ಯಾರ?
ಕುಣಿ ಅಂದ್ರ ಕುಣಿ ಅಂತನೂ ಆಗತೈತಿ ಅಂತ
ಐವತ್ತೆರಡಕ್ಕ, ಪರದೇಶದಾಕಿ ಬಂದ ಮ್ಯಾಲ, ಹೊಳೀತು ನೋಡ್ರಿ.

ಕೈ ಮಾತ್ರ ಕೇಳಲಿಲ್ಲ.
ಸುಮ್ಮನ ಜೋತು ಬಿಡು ಅಂದರ
ಬಲಗೈ ಲಾಳಿ ಹುಡಕತೈತಿ, ಎಡಗೈ ಹಣಿಗಿ.
ಬಿರ್ಜಾಬಾಯಿ ಎರಡೂ ಮುಷ್ಟಿ ಹಿಡದು ಬಿಡಿಸಿದಳು,
ಬೆರಳು ಒಂದೊಂದಾಗಿ,
ಸಿಕ್ಕು ಬಿಡಿಸಿದಂಗ.

ರವಿವಾರ ಸಂಜಿಗೆ ಕೂಟ. ಎಂಟು ಮಂದಿ ಬೇಕು, ನಾಕು ಜೋಡಿ.
ಗಂಡಸರು ಬಾಗಿಲ ಹೊರಗ ನಿಂತು ನಕ್ಕರು.
ಗಣಪತಸಾ ಬಾಕಳೆ ಚಪ್ಪಲಿ ಬಿಟ್ಟವ ಮತ್ತ ಮೆಟ್ಟಿಕೊಂಡ.
ಕಡೀಕ ಬಣ್ಣದ ಭಟ್ಟಿಯ ಖಾಜಾಸಾಬ ಬಂದ,
ಮೊಣಕೈತನಕ ನೀಲಿ.
ಅವನಿಗೆ ಜೋಡಿ ನಾನು.

ಪರಗಂಡಸಿನ ಕೈ ಹಿಡದು ಇಡೀ ಗೋದಾಮು ಸುತ್ತಿದೆ.
ಏಳು ಹೆಜ್ಜಿ ಆ ಕಡೆ, ಮೂರು, ಮತ್ತ ಮೂರು,
ಎದುರಿನ ಜೋಡಿ ಹಾಸಿನಂಗ ನಿಂತರ ನಾವು ಹೊಕ್ಕಿನಂಗ ಹಾದ್ವಿ,
ಒಬ್ಬರಿಗೊಬ್ಬರು ಬಡೀಲಿಲ್ಲ.
ಅವನು ಬಾಯೊಳಗ ಎಣಸತಿದ್ದ, ಎಣಿಸಿ ಎರಡ ಸಲ ತಪ್ಪಿದ.
ಕೈಗೆ ನೀಲಿ ಅಂಟಲಿಲ್ಲ. ಇಪ್ಪತ್ತು ವರ್ಷದ ಬಣ್ಣ, ಒಣಗಿದ್ದು.
ಆದರೂ ಸೆರಗಿಗೆ ಒರಸಿಕೊಂಡೆ,
ನೋಡೋರ ಸಲುವಾಗಿ.

ಹೋಗೋ ಮುಂದ ಆಕಿ ನನ್ನ ಮಗ್ಗಕ್ಕ ಇಳದಳು.
ಉದ್ದನ್ನ ಕಾಲು, ಮೊಣಕಾಲು ಹಲಗಿಗೆ ಬಡೀತು,
ಮೂರ ತುಳಿತಕ್ಕ ಹದಿನಾಕು ಎಳಿ ಹರೀತು.
ಹಂಗಲ್ಲವ್ವಾ, ಎಡಗಾಲು ಏಳೋದರಾಗ ಬಲಗಾಲು ಇಳೀಬೇಕು, ಅಂದೆ.
ಆಕಿ ತನ್ನ ಮಾತಿನಾಗ ಏನೋ ಬೈದುಕೊಂಡಳು,
ಇಂಗ್ಲಿಷಲ್ಲ ಅದು, ಅದರಕಿಂತ ಹಳೇದು.
ಹರದ ಎಳಿಗೆ ಗಂಟು ಹಾಕೋದು ಕಲಿಸಿದೆ.
ಹದಿನಾಕನೇದ್ದು ಬರಾಬರಿ ಹಾಕಿದಳು.

ಸೋಮವಾರ ಮತ್ತ ಅದ ಸೀರಿ, ಅದ ಕೆಂಪು ದಡಿ.

ಗುರುವಾರ ಸಾವಕಾರ ಕನ್ನಡಕ ಏರಿಸಿ ದಡಿ ಸವರಿದ.
ಇಲ್ಲೇನೋ ಆಗೇತಲ್ಲ ತುಳಸಾಬಾಯಿ, ನಾಕು ಬೆರಳು ಅಗಲ,
ಹೊಕ್ಕು ಒಮ್ಮೆ ದಟ್ಟ, ಒಮ್ಮೆ ತೆಳು?
ಹೌದ್ರಿ, ಅಂದೆ.
ಮೂವತ್ತು ರೂಪಾಯಿ ಮುರಕೊಂಡ.