ಎಡ ಭುಜದ ಗುಲಾಬಿ

ಅಪ್ಪನ ಅಳತೆ ಪುಸ್ತಕ ಇನ್ನೂ ಅಂಗಡಿಯಲ್ಲಿದೆ,
ಫಹಾಹೀಲಿನ ಮೀನುಮಾರ್ಕೆಟ್ಟಿನ ಹಿಂದೆ,
ಮಷಿನ್ನಿನ ಎಣ್ಣೆ ಕುಡಿದು ಹಪ್ಪಳವಾದ ಹಾಳೆಗಳು.
ಐವತ್ತೇಳನೇ ಇಸವಿ, ನವೆಂಬರ್:
ಮಿಸೆಸ್ ಹಾರ್‌ಗ್ರೀವ್. ಎದೆ ಮೂವತ್ತೇಳು.
ಸೊಂಟ ಮೂವತ್ತೊಂದು.
ಪಕ್ಕದಲ್ಲೇ ಇರುವೆ ಅಕ್ಷರದಲ್ಲಿ:
ಇಪ್ಪತ್ನಾಲ್ಕು ಅಂತ ಬರೆಯಲು ಹೇಳಿದರು.

ಇಪ್ಪತ್ನಾಲ್ಕು ಆಕೆಯದಲ್ಲ.
ಗುರುವಾರ ರಾತ್ರಿ ಅಹ್ಮದಿಯ ಬಯಲಲ್ಲಿ
ಬಿಳಿ ಬಟ್ಟೆಯ ಮೇಲೆ ಮೆಟ್ಟಿಲಿಳಿದು ಬರುತ್ತಿದ್ದಳಲ್ಲ,
ಅವಳದು.

ಸಾಹೇಬರಿಗೆ ಪರದೆಯ ಮುಂದೆ ಬೆತ್ತದ ಕುರ್ಚಿ,
ನಮ್ಮವರಿಗೆ ಪರದೆಯ ಹಿಂದೆ ಮರಳು.
ಹಾಗಂತ ಯಾರೂ ಬೋರ್ಡು ಹಾಕಿರಲಿಲ್ಲ.
ಬಲೂಚಿ ಕಾವಲುಗಾರ ಶಹದಾದ್
ಟಾರ್ಚನ್ನು ಆ ಕಡೆ ತಿರುಗಿಸುತ್ತಿದ್ದ, ಅಷ್ಟೆ.

ಹಿಂದಿನಿಂದ ನೋಡಿದರೂ ಸಿನಿಮಾ ಸಿನಿಮಾವೇ.
ನಾಯಕರೆಲ್ಲ ಎಡಗೈಯಲ್ಲಿ ಗುಂಡು ಹಾರಿಸುತ್ತಿದ್ದರು,
ಎಡಗೈಯಲ್ಲೇ ಆಣೆ ಇಡುತ್ತಿದ್ದರು.
ಅಕ್ಷರಗಳು ಮಾತ್ರ ನಮಗೆ ಬೆನ್ನು ಹಾಕಿ ನಿಂತವು,
ಹಾಗಾಗಿ ಅವಳ ಹೆಸರು ಅಪ್ಪನಿಗೆ ಕೊನೆಗೂ ಸಿಗಲಿಲ್ಲ.
ತನಿಯ ಬೊಳ್ಳಿ ಅಂದ. ಬೆಳ್ಳಿ.
ಅದೇ ಉಳಿಯಿತು.

ಶಮಾಲ್ ಗಾಳಿ ಎದ್ದ ದಿನ ಬಟ್ಟೆ ಉಬ್ಬಿ
ಬೊಳ್ಳಿಗೆ ಹಲ್ಲುನೋವು ಬರುತ್ತಿತ್ತು.
ಮುತ್ತು ಕೊಡುವ ಹೊತ್ತಿಗೆ ಎಣ್ಣೆಬಾವಿಯ ಬೆಂಕಿ ಭಗ್ಗೆಂದು
ಇಬ್ಬರ ಮುಖವೂ ಅಳಿಸಿಹೋಗುತ್ತಿತ್ತು.
ಅಡುಗೆಯ ಪುತ್ತಬ್ಬ ಕಂಪನಿಯನ್ನು ಬೈಯುತ್ತಿದ್ದ,
ಸಂಬಳ ತಡವಾದಾಗಲೂ ಅಷ್ಟು ಬೈದವನಲ್ಲ.

ಅದಕ್ಕೂ ಮೊದಲು ಎಂಟು ನಿಮಿಷ ಕಾರ್ಟೂನು:
ಕಾಲು ಮೂಡಿದ ಮೊಟ್ಟೆ, ಅದರ ಹಿಂದೆ ಒಂದು ಮುಂಗುಸಿ.
ರೋಡ್ ರೋಲರ್ ಹರಿದು ಮುಂಗುಸಿ ದೋಸೆ,
ಅಂಚು ಕೆದಕಿ ತನ್ನನ್ನೇ ಎಬ್ಬಿಸಿಕೊಂಡು
ಕೊಡವಿಕೊಂಡು
ಮತ್ತೆ ಓಟ.
ಬಂಡೆಯ ತುದಿ ಮುಗಿದ ಮೇಲೂ ಗಾಳಿಯಲ್ಲಿ ಓಡುತ್ತದೆ,
ಕೆಳಗೆ ನೋಡುವ ತನಕ ಬೀಳುವುದಿಲ್ಲ.
ತನಿಯ ತೊಡೆ ತಟ್ಟಿ ನಗುತ್ತಿದ್ದ,
ಪೈಪಿಗೆ ಸಿಕ್ಕು ಎರಡು ಬೆರಳು ಹೋದ ಕೈಯಿಂದ.

ಆ ಚಳಿಗಾಲ ಅವನು ಟ್ಯಾಂಕಿನ ಮೇಲಿಂದ ಬಿದ್ದ.
ಕೆಳಗೆ ನೋಡಿದನೋ ಇಲ್ಲವೋ
ಕಂಡವರಿಲ್ಲ.
ಮುಂದಿನ ಗುರುವಾರ ಮುಂಗುಸಿ ಮತ್ತೆ ಎದ್ದಿತು.
ಪುತ್ತಬ್ಬ ನಗಲಿಲ್ಲ.
ಆಮೇಲೆ, ಮೊಟ್ಟೆ ಹಿಂತಿರುಗಿ ನಾಲಗೆ ಚಾಚಿದಾಗ,
ನಕ್ಕ. ಮುಖ ಒರೆಸಿಕೊಂಡ.

ಅದೇ ವಾರ ಮಿಸೆಸ್ ಹಾರ್‌ಗ್ರೀವ್ ಸ್ಯಾಟಿನ್ ತಂದಿಟ್ಟು ಹೇಳಿದ್ದು:
ಕಾಯ್ತಾನ್, ಅವಳು ಮೆಟ್ಟಿಲಿಳಿಯುವಾಗ ಹಾಕುತ್ತಾಳಲ್ಲ, ಅದೇ.
ಅಪ್ಪ ಆ ಗೌನನ್ನು ಆರು ಸಲ ನೋಡಿದ್ದ,
ನೆರಿಗೆ ಎಣಿಸಿದ್ದ,
ಬೆನ್ನಿಗೆ ಎಷ್ಟು ಇಂಚು ಇಳಿದಿದೆ ಎಂಬುದಕ್ಕೆ
ಶಹದಾದನ ಜೊತೆ ಪಂದ್ಯ ಕಟ್ಟಿದ್ದ.
ಹದಿನೆಂಟು ದಿನ ಹೊಲಿದ,
ಬೆವರು ಬೀಳದಂತೆ ಹಣೆಗೆ ಟವೆಲು ಬಿಗಿದು.
ಗುಲಾಬಿಯನ್ನು ಕಂಡಂತೆಯೇ ಇಟ್ಟ,
ಎಡ ಭುಜದಲ್ಲಿ.

ಹೊಸವರ್ಷದ ಡಾನ್ಸಿನಲ್ಲಿ ಯಾರೋ ನಕ್ಕರಂತೆ:
ಅವಳದು ಬಲ ಭುಜ!
ಮರುದಿನ ಮೇಡಂ ಗೌನು ಉಟ್ಟುಕೊಂಡೇ ಅಂಗಡಿಗೆ ಬಂದರು,
ಬೈಯಲು.
ನಿಲುವುಗನ್ನಡಿಯ ಮುಂದೆ ಹಾದವರು ನಿಂತರು.
ಅದರೊಳಗೆ ಗುಲಾಬಿ ಬಲಕ್ಕಿತ್ತು.
ತುಂಬ ಹೊತ್ತು ನಿಂತರು. ಹೊರಗೆ ಡ್ರೈವರ್ ಹಾರ್ನ್ ಒತ್ತಿದ.
ಸೊಂಟ ಬಿಗಿಯಾಯಿತು, ಒಂಚೂರು ಬಿಡು,
ಅಂದರು, ಬೇರೇನೂ ಅನ್ನಲಿಲ್ಲ.

ಅರವತ್ಮೂರರಲ್ಲಿ ಊರಲ್ಲಿ ಹೊಸ ಟಾಕೀಸು,
ದುಡ್ಡು ಕೊಟ್ಟರೆ ಯಾರಿಗೂ ಮುಂದಿನ ಕುರ್ಚಿ.
ಹಳೇ ರೀಲು ಬಂದಿದೆ ಅಂತ ಅಪ್ಪ ಶರಟಿಗೆ ಇಸ್ತ್ರಿ ಹಾಕಿಸಿಕೊಂಡು ಹೋದ,
ಮಧ್ಯಂತರಕ್ಕೇ ಎದ್ದು ಬಂದ.
ಅಮ್ಮ ಕೇಳಿದಳು, ಯಾಕೆ, ಚೆನ್ನಾಗಿಲ್ಲವೇ?
ಚೆನ್ನಾಗಿದ್ದಾಳೆ.
ನಮ್ಮ ಬೊಳ್ಳಿ ಅಲ್ಲ, ಯಾರೋ ಬೇರೆ.
ಚಪ್ಪಲಿಯೊಳಗಿನ ಮರಳು ಕೊಡವುವವನಂತೆ
ಬಾಗಿಲಲ್ಲಿ ಕಾಲು ಝಾಡಿಸಿದ.
ಸಿಮೆಂಟು ನೆಲದ ಟಾಕೀಸು ಅದು.

ಪುಸ್ತಕದ ಆ ಪುಟದಲ್ಲಿ
ಗುಲಾಬಿ ಬಲ ಎಂದು ಬರೆದು ಹೊಡೆದಿದೆ,
ಎಡ ಎಂದು ಬರೆದು ಹೊಡೆದಿದೆ,
ಕೆಳಗೆ ಪೆನ್ಸಿಲಿನಲ್ಲಿ:
ಹನ್ನೆರಡು ರೂಪಾಯಿ ಬಂತು.
ನಾಲ್ಕು ತನಿಯನ ಮನೆಗೆ.